ಹಸಿಯಲ್ಲಿ ಸುಮ್ಮನಿದ್ದು ಒಣಗಿದ ಮೇಲೆ ಘಮಿಸುತ್ತಿದ್ದ ಗಿಡ ಯಾವುದು?

ರಟ್ಟುಗಾರ ಕೇಳಿದ್ದು:

ನಾನು ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಕಾಗದ, ದಾರ, ಅಂಟಿನ ವಿಷಯ ಕೇಳಿದರೆ ಸಾಕು ಎನ್ನುವವರೆಗೂ ಹೇಳಬಲ್ಲೆ. ಗಿಡದ ವಿಷಯದಲ್ಲಿ ಮಾತ್ರ ತುಳಸಿಗೂ ಕಾಮಕಸ್ತೂರಿಗೂ ವ್ಯತ್ಯಾಸ ಹೇಳುವಷ್ಟು ತಿಳಿವಳಿಕೆಯೂ ಇಲ್ಲ. ಅದಕ್ಕೇ ಬಲ್ಲವರ ಮುಂದೆ ಇಡುತ್ತಿದ್ದೇನೆ.

ನನ್ನ ಸೋದರತ್ತೆಯ ಹಿತ್ತಲಿನಲ್ಲಿ, ಬಚ್ಚಲ ನೀರು ಹರಿದು ಹೋಗುವ ಕಡೆ, ಮರದ ಅರೆನೆರಳಿನಲ್ಲಿ ಒಂದು ಪೊದೆ ಇತ್ತು. ಆಗಿನ ನನ್ನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಎರಡೂವರೆ ಅಡಿ ಇದ್ದೀತು. ಅತ್ತೆ ಅದನ್ನು 'ಪೆಟ್ಟಿಗೆ ಸೊಪ್ಪು' ಎನ್ನುತ್ತಿದ್ದರು. ಆ ಹೆಸರನ್ನು ಬೇರೆ ಯಾರ ಬಾಯಲ್ಲೂ ನಾನು ಕೇಳಿಲ್ಲ, ಆ ಮನೆಯೊಳಗೇ ಹುಟ್ಟಿದ ಹೆಸರಿರಬೇಕು. ತಿನ್ನುವ ಸೊಪ್ಪಲ್ಲ, ಮುಡಿಯುವುದೂ ಅಲ್ಲ. ಅದರ ಕೆಲಸವೇನಿದ್ದರೂ ಬಟ್ಟೆಯ ಪೆಟ್ಟಿಗೆಯಲ್ಲಿ. ಅತ್ತೆ ಆಗಾಗ ಕುಡಿಗಳನ್ನು ಕತ್ತರಿಸಿ, ಸಣ್ಣ ಸಣ್ಣ ಕಟ್ಟು ಮಾಡಿ, ಸೂರಿನ ಕೆಳಗೆ ತಲೆಕೆಳಗಾಗಿ ತೂಗುಹಾಕುತ್ತಿದ್ದರು. ಬಿಸಿಲಿಗೆ ಒಡ್ಡಲು ಬಿಡುತ್ತಿರಲಿಲ್ಲ. ಪುಡಿಯಾಗುವಷ್ಟು ಒಣಗುವ ಮೊದಲೇ ಇಳಿಸಿ ಎಲೆ ಬಿಡಿಸಿ, ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಹರವುತ್ತಿದ್ದರು. ಮಿಕ್ಕಿದ್ದು ಲೆಕ್ಕದ ಪುಸ್ತಕದ ಹಾಳೆಗಳ ನಡುವೆ ಹೋಗುತ್ತಿತ್ತು.

ನನ್ನನ್ನು ಕಾಡುವುದು ವಾಸನೆ. ಗಿಡದಲ್ಲಿದ್ದಾಗ ಎಲೆ ಹಿಸುಕಿದರೆ ಹಸಿ ಸೊಪ್ಪಿನ ವಾಸನೆಯೇ ಮುಂದು. ಅದರ ಹಿಂದೆ ಸುಮ್ಮನೆ ಒಂದು ಸುಳಿವು, ಅಷ್ಟೆ. ಒಣಗಿದ ಮೇಲೆ ಅದೇ ಎಲೆ ಬೇರೆಯೇ ಆಗುತ್ತಿತ್ತು. ಮಳೆಗಾಲದಲ್ಲಿ ಹಳೆಯ ಮರದ ಬೀರುವಿನ ಬಾಗಿಲು ತೆರೆದಾಗ ಬರುವಂಥ ವಾಸನೆ: ಒದ್ದೆ ಮಣ್ಣು, ಮರ, ಎಲ್ಲೋ ಒಂದಿಷ್ಟು ಸಿಹಿ. ಹೂವಿನ ಪರಿಮಳವಲ್ಲ. ಅತ್ತೆಯ ಸೆರಗಿಗೆ ಆ ವಾಸನೆ ಹಬ್ಬ ಮುಗಿದು ವಾರವಾದರೂ ಹೋಗುತ್ತಿರಲಿಲ್ಲ.

ಇನ್ನೊಂದು ನೆನಪು: ಮಧ್ಯಾಹ್ನ ಆ ಗಿಡ ಸತ್ತೇಹೋಯಿತು ಎನ್ನುವ ಹಾಗೆ ಜೋತುಬೀಳುತ್ತಿತ್ತು. ಸಂಜೆ ಒಂದು ಚೊಂಬು ನೀರು ಬಿದ್ದರೆ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತಿತ್ತು. ಹೂ ಬಿಟ್ಟದ್ದನ್ನು ನೋಡಿದ ನೆನಪಿಲ್ಲ.

ಅತ್ತೆ ಈಗಿಲ್ಲ. ಮನೆ ಬೇರೆಯವರದಾಗಿದೆ, ಹಿತ್ತಲಿಗೆ ಸಿಮೆಂಟ್ ಬಿದ್ದಿದೆ. ಈಗ ಕೇಳಲು ಕಾರಣ, ಅತ್ತೆಯ ಒಂದು ಜಮಾಖರ್ಚಿನ ಪುಸ್ತಕ ರಿಪೇರಿಗೆಂದು ನನ್ನ ಮೇಜಿಗೆ ಬಂದಿದೆ. ಬೆನ್ನಿನ ಹೊಲಿಗೆ ಬಿಚ್ಚುತ್ತಿದ್ದಾಗ ಹಾಳೆಗಳ ನಡುವೆ ಆ ಸೊಪ್ಪಿನ ಒಂದಿಡೀ ಎಲೆ ಸಿಕ್ಕಿತು. ಕಂದು ಬಣ್ಣಕ್ಕೆ ತಿರುಗಿದೆ, ತೊಟ್ಟು ಕೂಡ ಇದೆ. ಮೂಗಿನ ಹತ್ತಿರ ಹಿಡಿದರೆ ಧೂಳಿನ ವಾಸನೆ. ಬಾಯಿಂದ ಬಿಸಿ ಉಸಿರು ಬಿಟ್ಟು ತಕ್ಷಣ ಮೂಸಿದರೆ, ಸಣ್ಣದಾಗಿ, ಅದೇ.

ಇದು ಯಾವ ಗಿಡ? ಬೀಜ ಎಲ್ಲಾದರೂ ಸಿಗುತ್ತದೆಯೇ?

ಪಾತಿ ಬರೆದದ್ದು:

ದವನ ಇರಬೇಕು. ಒಣಗಿದ ಮೇಲೂ ವಾಸನೆ ಉಳಿಯುವುದು ದವನಕ್ಕೇ. ಇಲ್ಲವಾದರೆ ಮರುಗ. ಎರಡನ್ನೂ ಬಟ್ಟೆಯ ನಡುವೆ ಇಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ಬೀಜ ಸುಲಭವಾಗಿ ಸಿಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ಕುಂಡದೊಳಗೆ ಬರೆದದ್ದು:

ನನಗೇನೋ ಕಾಮಕಸ್ತೂರಿ ಎನ್ನಿಸುತ್ತದೆ. ಮಧ್ಯಾಹ್ನ ಜೋತುಬಿದ್ದು ನೀರು ಹಾಕಿದರೆ ಏಳುವುದು ನಮ್ಮ ಮಹಡಿಯ ಕುಂಡದ ಕಾಮಕಸ್ತೂರಿಯದೂ ಅದೇ ಕಥೆ. ಎಲೆಯ ಫೋಟೊ ತೆಗೆದು ಗಿಡ ಗುರುತಿಸುವ ಆ್ಯಪ್‌ಗೆ ಹಾಕಿ ನೋಡಿ ಸರ್. ನಿಮಿಷದಲ್ಲಿ ಹೇಳುತ್ತದೆ. ಒಂದು ಚೂರು ನಾಲಿಗೆಗೆ ಇಟ್ಟುಕೊಂಡರೂ ಗೊತ್ತಾಗುತ್ತದೆ, ಕಾಮಕಸ್ತೂರಿಯಾದರೆ ಲವಂಗದ ಹಾಗೆ ಚುರುಕ್ ಎನ್ನುತ್ತದೆ.

ಭೂತಗನ್ನಡಿ ಬರೆದದ್ದು:

ಮೊದಲು ಒಂದು ಮಾತು: ನಾಲಿಗೆಗೆ ಇಟ್ಟುಕೊಳ್ಳಬೇಡಿ. ಹೆಸರು ಗೊತ್ತಿಲ್ಲದ ಎಲೆಯನ್ನು ರುಚಿ ನೋಡಿ ಗುರುತಿಸುವುದು ಎಂದಿಗೂ ಒಳ್ಳೆಯ ಅಭ್ಯಾಸವಲ್ಲ. ಇದಂತೂ ಹುಳ ಬಾರದಿರಲಿ ಎಂದು ಇಟ್ಟ ಎಲೆ, ಮೇಲೆ ಎಷ್ಟು ವರ್ಷದ ಧೂಳು, ಬೂಷ್ಟು ಕುಳಿತಿದೆಯೋ. ಆ್ಯಪ್ ಕೂಡ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು ಹಸಿರು ಎಲೆಗಳ ಚಿತ್ರ ನೋಡಿ ಕಲಿತದ್ದು. ಚಪ್ಪಟೆಯಾದ ಕಂದು ಎಲೆ ತೋರಿಸಿದರೆ ತೋಚಿದ ಹೆಸರನ್ನು ಪೂರ್ತಿ ಧೈರ್ಯದಿಂದ ಹೇಳುತ್ತದೆ.

ನಾನು ಸಸ್ಯಶಾಸ್ತ್ರ ಪಾಠ ಹೇಳಿದವಳು. ಒಣಗಿಸಿ ಹಾಳೆಗೆ ಅಂಟಿಸಿದ ಸಸ್ಯಗಳ ನಡುವೆಯೇ ಬಹುಪಾಲು ಆಯುಸ್ಸು ಕಳೆದಿದೆ. ರಟ್ಟುಗಾರರೇ, ನಿಮ್ಮ ಕೈಯಲ್ಲಿರುವುದು ಬರೀ ನೆನಪಲ್ಲ, ಸಾಕ್ಷಿ. ಬಾಲ್ಯದ ಗಿಡ ಯಾವುದೆಂದು ಕೇಳುವವರಲ್ಲಿ ಹೆಚ್ಚಿನವರ ಬಳಿ ಅದೂ ಇರುವುದಿಲ್ಲ. 'ಚೆನ್ನಾಗಿ ವಾಸನೆ ಬರುತ್ತಿತ್ತು, ಹಸಿರಾಗಿತ್ತು' ಎಂದು ಬಿಡುತ್ತಾರೆ.

ಮೇಲೆ ಬಂದ ಹೆಸರುಗಳನ್ನು ಒಂದು ಸಲ ನೋಡೋಣ. ದವನದ ಎಲೆ ಒಂದಿಡಿಯಾಗಿರುವುದಿಲ್ಲ. ದಾರದಷ್ಟು ಸಣ್ಣ ಸೀಳುಗಳಾಗಿ ಒಡೆದಿರುತ್ತದೆ, ಮೇಲೆ ಬೂದಿ ಬಣ್ಣ. ಅದು ಸೇವಂತಿಗೆಯ ಕುಟುಂಬದ್ದು, ಬೀಜ ಹಾಕಿ ಬೆಳೆದು ಹೂವಿನ ಹೊತ್ತಿಗೆ ಕಿತ್ತು ಮುಗಿಸುವ ಬೆಳೆ. ವರ್ಷಗಟ್ಟಲೆ ಒಂದೇ ಕಡೆ ಪೊದೆಯಾಗಿ ನಿಲ್ಲುವುದಲ್ಲ. ಮಾಚಿಪತ್ರೆಯೂ ಅದೇ ಕುಟುಂಬ. ಯಾರಾದರೂ ಹೇಳುವ ಮೊದಲೇ ಅದನ್ನೂ ಬದಿಗಿಡುತ್ತೇನೆ, ಏಕೆಂದರೆ ಅದರ ಎಲೆಯೂ ಸೀಳಿರುತ್ತದೆ, ಮಗುಚಿ ನೋಡಿದರೆ ಬೆಳ್ಳಗಿರುತ್ತದೆ. ಮರುಗದ ಎಲೆ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಾಗುವುದು ಅಪರೂಪ, ಅಂಚಿನಲ್ಲಿ ಹಲ್ಲೂ ಇರುವುದಿಲ್ಲ. ದೊಡ್ಡಪತ್ರೆಯಾಗಿದ್ದರೆ ಎಲೆ ಹಸಿಯಲ್ಲೇ ಓಮದ ವಾಸನೆಯಿಂದ ಮೂಗಿಗೆ ಬಡಿಯುತ್ತಿತ್ತು. ಅಲ್ಲದೆ ಅಷ್ಟು ರಸವಿರುವ ದಪ್ಪ ಎಲೆಯನ್ನು ಲೆಕ್ಕದ ಪುಸ್ತಕದಲ್ಲಿ ಇಟ್ಟಿದ್ದರೆ ಲೆಕ್ಕವೇ ಉಳಿಯುತ್ತಿರಲಿಲ್ಲ.

ಕಾಮಕಸ್ತೂರಿಯನ್ನು ತಳ್ಳಿಹಾಕಲು ಎಲೆಯೇ ಬೇಡ. ಅದು ಹೂ ಬಿಡದೆ ಇರುವ ಜಾತಿಯಲ್ಲ. ಚಿವುಟಿದಷ್ಟೂ ತೆನೆ ಹಾಕುತ್ತದೆ, ಬೀಜ ಚೆಲ್ಲುತ್ತದೆ. ಆ ಬೀಜವನ್ನು ನೀರಿಗೆ ಹಾಕಿದರೆ ಲೋಳೆಗಟ್ಟಿ ಉಬ್ಬುವುದನ್ನು ಯಾವ ಮಗುವೂ ಮರೆಯುವುದಿಲ್ಲ.

ನನಗೊಂದು ಊಹೆ ಇದೆ. ಆದರೆ ಹೆಸರು ಮೊದಲೇ ಹೇಳಿದರೆ ನೀವು ಅದಕ್ಕೆ ಹೊಂದುವುದನ್ನೇ ಎಲೆಯಲ್ಲಿ ನೋಡುತ್ತೀರಿ. ಆದ್ದರಿಂದ ಮೊದಲು ಇವನ್ನು ನೋಡಿ ಹೇಳಿ. ಎಲೆಯ ಉದ್ದ, ಅಗಲ, ತೊಟ್ಟಿನ ಉದ್ದ ಎಷ್ಟು? ಅಂಚಿನ ಹಲ್ಲುಗಳು ಒಂದೇ ಅಳತೆಯವೋ, ದೊಡ್ಡ ಹಲ್ಲಿನ ಬೆನ್ನ ಮೇಲೆ ಮತ್ತೆ ಚಿಕ್ಕ ಹಲ್ಲುಗಳಿವೆಯೋ? ಹಿಂಭಾಗದ ನರಗಳ ಮೇಲೆ ರೋಮ ಇದೆಯೇ? ಬೆಳಕಿಗೆ ಅಡ್ಡ ಹಿಡಿದರೆ ಚುಕ್ಕಿಗಳು ಕಾಣುತ್ತವೆಯೇ? ಗಿಡದ ದಂಟು ಬೆರಳ ನಡುವೆ ಉರುಳುತ್ತಿತ್ತೋ, ನಾಲ್ಕು ಮೂಲೆ ಒತ್ತುತ್ತಿತ್ತೋ, ನೆನಪಿದೆಯೇ? ಕೊನೆಯದಾಗಿ, ಅತ್ತೆ ಹೊಸ ಗಿಡ ಹೇಗೆ ಮಾಡುತ್ತಿದ್ದರು?

ಎಲೆ ಮುರುಟಿದ್ದರೆ ಬಿಡಿಸಲು ಹೋಗಬೇಡಿ, ಪುಡಿಯಾಗುತ್ತದೆ. ನಾವು ಒಣ ಹೂವನ್ನು ಪರೀಕ್ಷಿಸುವಾಗ ಒಂದು ಚೂರನ್ನು ಬಿಸಿನೀರಿನಲ್ಲಿ ನೆನೆಸಿ ಮೆದು ಮಾಡಿಕೊಳ್ಳುತ್ತೇವೆ. ನಿಮ್ಮ ಬಳಿ ಇರುವುದು ಒಂದೇ ಎಲೆ. ಅದಕ್ಕೆ ನೀರು ತಾಗಿಸಲು ಹೇಳುವಷ್ಟು ಕಲ್ಲುಮನಸ್ಸಿನವಳಲ್ಲ ನಾನು.

ರಟ್ಟುಗಾರ ಬರೆದದ್ದು:

ಮೇಡಂ, ಎಲೆ ಮುರುಟಿಲ್ಲ. ಲೆಕ್ಕದ ಪುಸ್ತಕದ ಭಾರದಡಿ ಇಸ್ತ್ರಿ ಹಾಕಿದಷ್ಟು ಸಪಾಟಾಗಿದೆ. ಅದಿದ್ದ ಎರಡು ಪುಟಗಳ ಮೇಲೂ ಅದರ ಕಂದು ಅಚ್ಚು ಬಿದ್ದಿದೆ. ಅಚ್ಚಿನಲ್ಲಿ ನರಗಳು ಎಲೆಗಿಂತ ಸ್ಪಷ್ಟವಾಗಿ ಕಾಣುತ್ತವೆ. (ದಯವಿಟ್ಟು ಯಾರೂ ಪುಸ್ತಕದಲ್ಲಿ ಎಲೆ, ಹೂ ಇಡಬೇಡಿ. ಅತ್ತೆಯ ಮೇಲಿನ ಪ್ರೀತಿ ಬೇರೆ, ವೃತ್ತಿ ಬೇರೆ. ಎಲೆಯ ಆಮ್ಲ ಕಾಗದವನ್ನು ತಿನ್ನುತ್ತದೆ, ಆ ಕಲೆ ಯಾವ ಉಪಾಯಕ್ಕೂ ಪೂರ್ತಿ ಹೋಗುವುದಿಲ್ಲ.)

ಅಳೆದೆ. ತೊಟ್ಟು ಬಿಟ್ಟು ಎಲೆಯ ಉದ್ದ 8 ಸೆಂಟಿಮೀಟರ್, ಅಗಲವಾದ ಕಡೆ 6. ತೊಟ್ಟು 4 ಸೆಂಟಿಮೀಟರ್. ಬುಡದ ಕಡೆ ಅಗಲ, ತುದಿಗೆ ಹೋದಂತೆ ಮೊನಚು. ಅಂಚು ನೀವು ಹೇಳಿದ ಎರಡನೆಯ ಬಗೆಯದು: ಮೊದಲು ಒಂದು ದೊಡ್ಡ ಮೊಂಡು ಹಲ್ಲು, ಅದರ ಮೇಲೆ ಎರಡೋ ಮೂರೋ ಚಿಕ್ಕವು. ದಾರ ಪರೀಕ್ಷಿಸುವ ಮಸೂರದಲ್ಲಿ ಹಿಂಭಾಗ ನೋಡಿದೆ. ನರಗಳ ಮೇಲಷ್ಟೇ ಅಲ್ಲ, ನಡುವೆಯೂ ರೋಮ ದಟ್ಟವಾಗಿದೆ, ಒಳ್ಳೆಯ ಹತ್ತಿಬಟ್ಟೆಯ ಹಿಮ್ಮೈಯಲ್ಲಿ ಕಾಣುವಷ್ಟು. ದೀಪಕ್ಕೆ ಅಡ್ಡ ಹಿಡಿದರೆ ಕಂದಿನ ನಡುವೆ ತೀರ ಸಣ್ಣ ಚುಕ್ಕಿಗಳಿವೆ. ಅವು ಎಲೆಯವೋ ಕಾಗದದ ಧೂಳೋ ಎಂದು ಆಣೆ ಮಾಡಿ ಹೇಳಲಾರೆ.

ದಂಟಿನ ವಿಷಯ ಚೆನ್ನಾಗಿ ನೆನಪಿದೆ. ಕಟ್ಟು ಕಟ್ಟಲು ಅತ್ತೆ ನನ್ನ ಕೈಗೇ ಕೊಡುತ್ತಿದ್ದರು. ಎಳೆಯ ದಂಟು ಚೌಕ. ಬುಡದ ಹತ್ತಿರ ಮಾತ್ರ ಕಟ್ಟಿಗೆಯಂತಾಗಿ ಮೂಲೆಗಳು ಮಾಯವಾಗಿರುತ್ತಿದ್ದವು.

ಹೊಸ ಗಿಡಕ್ಕೆ ಅತ್ತೆ ಬೀಜ ಹಾಕಿದ್ದು ನೋಡಿಲ್ಲ. ಗೇಣುದ್ದದ ಕಡ್ಡಿ ಮುರಿದು ಕೆಳಗಿನ ಎಲೆ ತೆಗೆದು ಒದ್ದೆ ಮಣ್ಣಿಗೆ ಚುಚ್ಚಿ, ಮೇಲೆ ಒಂದು ಒಡಕು ಮಡಕೆ ಕವುಚುತ್ತಿದ್ದರು. ಮಳೆಗಾಲದ ಶುರುವಿನಲ್ಲಿ ನೆಂಟರು ಯಾರೇ ಬಂದರೂ ಬಾಳೆಎಲೆಯಲ್ಲಿ ಸುತ್ತಿದ ಒಂದು ಕಡ್ಡಿ ಅವರ ಚೀಲ ಸೇರುತ್ತಿತ್ತು, ಅವರು ಬೇಡವೆಂದರೂ.

ಭೂತಗನ್ನಡಿ ಬರೆದದ್ದು:

ಇಷ್ಟು ಸಾಕು. ನಿಮ್ಮ ಅತ್ತೆಯ ಪೆಟ್ಟಿಗೆ ಸೊಪ್ಪು ಪಚೌಲಿ. ಕನ್ನಡದಲ್ಲಿ ಪಚ್ಚೆತೆನೆ ಎನ್ನುವುದೂ ಉಂಟು. ಶಾಸ್ತ್ರೀಯವಾಗಿ ಪೊಗೊಸ್ಟೆಮಾನ್ ಎಂಬ ಕುಲ.

ಚೌಕ ದಂಟು, ವಾಸನೆಯ ಎಲೆ ಎಂದ ಕೂಡಲೇ ತುಳಸಿಯ ಕುಟುಂಬ ಎಂದುಕೊಳ್ಳಬಹುದು. ದೊಡ್ಡಪತ್ರೆ, ಮರುಗ, ಪುದೀನ ಎಲ್ಲವೂ ಅಲ್ಲಿಯವೇ, ಹಾಗಾಗಿ ಅಷ್ಟರಿಂದ ಏನೂ ತೀರ್ಮಾನವಾಗುವುದಿಲ್ಲ. ಉದ್ದ ತೊಟ್ಟು, ಅಗಲ ಎಲೆ, ಹಲ್ಲಿನ ಮೇಲೆ ಹಲ್ಲು, ಮೈತುಂಬ ರೋಮ, ಅರೆನೆರಳು, ಬಾಯಾರಿದರೆ ಕುಸಿದುಬೀಳುವ ಸ್ವಭಾವ, ಎಲ್ಲಕ್ಕಿಂತ ಹೆಚ್ಚಾಗಿ ಒಣಗಿದ ಮೇಲೆ ಏರುವ ವಾಸನೆ: ಇವೆಲ್ಲ ಒಟ್ಟಿಗೆ ಸೇರುವುದು ಇದೊಂದರಲ್ಲೇ.

ಒಣಗಿದ ಮೇಲೆ ವಾಸನೆ ಏರುವುದೇಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಜೀವವೇ ಅಲ್ಲಿದೆ. ತುಳಸಿ, ಪುದೀನಗಳಲ್ಲಿ ಎಣ್ಣೆ ಮುಖ್ಯವಾಗಿ ಎಲೆಯ ಹೊರಮೈಯ ಗ್ರಂಥಿಗಳಲ್ಲಿರುತ್ತದೆ. ಕೈ ತಾಗಿದರೆ ಒಡೆಯುತ್ತವೆ, ತಕ್ಷಣ ಘಮ್ ಎನ್ನುತ್ತದೆ. ಪಚೌಲಿಗೆ ಹೊರಗಿನ ಗ್ರಂಥಿಗಳ ಜೊತೆಗೆ ಎಲೆಯ ಒಳಪದರದಲ್ಲೂ ಎಣ್ಣೆ ತುಂಬಿದ ಕೋಶಗಳಿವೆ. ಹಸಿ ಎಲೆ ಹಿಸುಕಿದರೆ ಅವು ಪೂರ್ತಿ ಬಿಟ್ಟುಕೊಡುವುದಿಲ್ಲ. ನೆರಳಿನಲ್ಲಿ ನಿಧಾನವಾಗಿ ಬಾಡಿದಾಗ ಕೋಶಗಳ ಗೋಡೆ ಸಡಿಲವಾಗಿ ಎಣ್ಣೆ ಹೊರಬರುತ್ತದೆ. ಎಣ್ಣೆ ಭಟ್ಟಿ ಇಳಿಸುವವರು ಹಸಿ ಸೊಪ್ಪನ್ನು ನೇರವಾಗಿ ಹಂಡೆಗೆ ತುಂಬದೆ, ಮೊದಲು ನೆರಳಿನಲ್ಲಿ ಒಣಗಿಸಿ ಕೆಲವೊಮ್ಮೆ ರಾಶಿ ಹಾಕಿ ಸ್ವಲ್ಪ ಹುದುಗಲು ಬಿಡುವುದು ಇದಕ್ಕಾಗಿಯೇ. ಅತ್ತೆ ಬಿಸಿಲಿಗೆ ಒಡ್ಡಲು ಬಿಡದಿದ್ದುದರ ಹಿಂದೆ ಒಳ್ಳೆಯ ಕಾರಣವಿತ್ತು.

ಇನ್ನು ಅದು ಅಷ್ಟು ಕಾಲ ಉಳಿಯುವುದೇಕೆ? ಕಾಮಕಸ್ತೂರಿ, ಕರ್ಪೂರ, ಓಮಗಳ ವಾಸನೆಯ ಅಣುಗಳಲ್ಲಿ ಹೆಚ್ಚಿನವು 10 ಇಂಗಾಲದವು. ಹಗುರ, ಬೇಗ ಹಾರಿಹೋಗುತ್ತವೆ. ಪಚೌಲಿ ಎಣ್ಣೆಯ ಮುಖ್ಯ ಅಂಶವಾದ ಪಚೌಲಾಲ್ 15 ಇಂಗಾಲದ ಅಣು. ಭಾರ ಹೆಚ್ಚು, ಆವಿಯಾಗುವುದು ನಿಧಾನ. ಸುಗಂಧ ತಯಾರಿಸುವವರು ಬೇರೆ ಪರಿಮಳಗಳು ಬೇಗ ಹಾರಿಹೋಗದಂತೆ ಹಿಡಿದಿಡಲು ಇದನ್ನು ಬೆರೆಸುತ್ತಾರೆ. ಹೆಚ್ಚಿನ ಸಸ್ಯತೈಲಗಳು ಹಳೆಯದಾದಂತೆ ಕೆಡುತ್ತವೆ, ಇದು ಹದವಾಗುತ್ತದೆ. ಬಿಸಿ ಉಸಿರು ಬಿಟ್ಟಾಗ ನಿಮ್ಮ ಎಲೆ ವಾಸನೆ ಕೊಟ್ಟದ್ದರಲ್ಲಿ ಮಾಯೆ ಏನಿಲ್ಲ, ಉಳಿದಿದ್ದ ಒಂದಿಷ್ಟು ಎಣ್ಣೆ ಶಾಖಕ್ಕೂ ತೇವಕ್ಕೂ ಎದ್ದಿತು.

ಬಟ್ಟೆಯ ಮಡಿಕೆಯಲ್ಲಿ ಇಡುವುದು ಅತ್ತೆಯೊಬ್ಬರ ಉಪಾಯವೂ ಅಲ್ಲ. 19ನೆಯ ಶತಮಾನದಲ್ಲಿ ಕಾಶ್ಮೀರದ ಶಾಲುಗಳು ಯೂರೋಪಿಗೆ ಹೋಗುವಾಗ ನುಸಿ ತಿನ್ನದಿರಲೆಂದು ಈ ಒಣ ಎಲೆಯನ್ನು ನಡುವೆ ಹಾಕಿ ಕಟ್ಟುತ್ತಿದ್ದರು. ಕೊನೆಗೆ ಅಲ್ಲಿನವರು ಶಾಲು ಅಸಲಿಯೋ ನಕಲಿಯೋ ಎಂದು ಮೂಸಿ ನೋಡಿ ನಿರ್ಧರಿಸುವಷ್ಟು ಆ ವಾಸನೆ ಹೆಸರಾಯಿತಂತೆ.

ಕುಂಡದೊಳಗೆ ಬರೆದದ್ದು:

ಅಂದರೆ ಅಗರಬತ್ತಿ, ಅತ್ತರುಗಳಲ್ಲಿ ಬರುವ ಆ ಮಣ್ಣು ಮಣ್ಣು ವಾಸನೆ ಇದೇನಾ ಮೇಡಂ? ಅದು ಮರದ್ದು ಎಂದುಕೊಂಡಿದ್ದೆ. ಪುಸ್ತಕದ ಹುಳಕ್ಕೂ ಆಗುತ್ತದೆಯೇ? ನನ್ನ ಕಪಾಟಿನಲ್ಲಿ ಬೆಳ್ಳಿ ಹುಳಗಳ ಸಂಸಾರವೇ ಇದೆ.

ಭೂತಗನ್ನಡಿ ಬರೆದದ್ದು:

ಹೌದು, ಬಹುಮಟ್ಟಿಗೆ ಇದೇ. ಇನ್ನು ಹುಳದ ವಿಷಯ: ಪಚೌಲಿ ಎಣ್ಣೆಗೆ ಕೆಲವು ಕೀಟಗಳು ಹತ್ತಿರ ಬರುವುದಿಲ್ಲ, ನಿಜ. ಆದರೆ ನಾಲ್ಕು ಎಲೆ ಇಟ್ಟು ಕಪಾಟು ಮುಚ್ಚಿ ನಿಶ್ಚಿಂತೆಯಾಗಿ ಮಲಗಬೇಡಿ. ಬೆಳ್ಳಿ ಹುಳಕ್ಕೆ ಬೇಕಾದದ್ದು ತೇವ. ಮೊದಲು ಕಪಾಟನ್ನು ಗೋಡೆಯಿಂದ ಸರಿಸಿ, ಗಾಳಿಯಾಡಲಿ.

ರಟ್ಟುಗಾರ ಬರೆದದ್ದು:

ಅದಕ್ಕೆ ನನ್ನದೂ ಒಂದು ಸಾಕ್ಷಿ. ಅತ್ತೆಯ ಪುಸ್ತಕದ ಹಾಳೆಗಳಲ್ಲಿ ತೂತುಗಳಿಲ್ಲ, ಬೆನ್ನಿನ ರಟ್ಟನ್ನು ಮಾತ್ರ ಹುಳ ಜರಡಿ ಮಾಡಿದೆ. ಅಲ್ಲಿ ಹಿಟ್ಟಿನ ಅಂಟಿತ್ತು. ಸೊಪ್ಪಿನ ವಾಸನೆಗಿಂತ ಹಿಟ್ಟಿನ ಆಸೆಯೇ ದೊಡ್ಡದು ಎಂದು ತೋರುತ್ತದೆ.

ಮೇಡಂ, ಹೆಸರು ಓದಿದ ಮೇಲೆ ಪಚೌಲಿ ಎಣ್ಣೆಯ ಒಂದು ಸಣ್ಣ ಸೀಸೆ ತರಿಸಿದೆ. ಮುಚ್ಚಳ ತೆಗೆದೊಡನೆ ಅಷ್ಟು ಖುಷಿಯಾಗಲಿಲ್ಲ. ತೀರ ಗಾಢ, ಔಷಧಿಯಂತೆ. ಒಂದು ಹನಿಯನ್ನು ಕಾಗದದ ಪಟ್ಟಿಗೆ ಹಾಕಿ ಮೇಜಿನ ಮೇಲೆ ಬಿಟ್ಟೆ. ಮರುದಿನ ಅಂಗಡಿಯ ಬಾಗಿಲು ತೆರೆದರೆ ಒಳಗೆ ಅತ್ತೆಯ ಪೆಟ್ಟಿಗೆ. ಅನುಮಾನವೇ ಉಳಿದಿಲ್ಲ.

ಹಾಗಾದರೆ ಬೀಜ?

ತೋಟದ ನೆರಳು ಬರೆದದ್ದು:

ತಡವಾಗಿ ನೋಡಿದೆ. ನಾನು ಪಚೌಲಿಯನ್ನು ತೋಟದಲ್ಲಿ ಉಪಬೆಳೆಯಾಗಿ ಬೆಳೆದವನು. ಗುರುತು ಸರಿಯಾಗಿದೆ, ಆದರೆ ಒಂದು ತಕರಾರು. ಪಚೌಲಿ ಎಂಬ ಹೆಸರಿನಲ್ಲಿ ಎರಡು ಗಿಡಗಳು ಓಡಾಡುತ್ತವೆ. ಎಣ್ಣೆಗೆ ಬೆಳೆಯುವುದು ಪೊಗೊಸ್ಟೆಮಾನ್ ಕ್ಯಾಬ್ಲಿನ್. ಅದು ಫಿಲಿಪ್ಪೀನ್ಸ್ ಮತ್ತು ಆಗ್ನೇಯ ಏಷ್ಯಾದ ಕಡೆಯದು. ಈಗ ಜಗತ್ತಿನ ಎಣ್ಣೆಯಲ್ಲಿ ಬಹುಪಾಲು ಇಂಡೋನೇಷ್ಯಾದಿಂದ ಬರುತ್ತದೆ. ಇನ್ನೊಂದು ಪೊಗೊಸ್ಟೆಮಾನ್ ಹೇನಿಯಾನಸ್, ದಕ್ಷಿಣ ಭಾರತ, ಶ್ರೀಲಂಕಾಗಳ ಸ್ವಂತ ಗಿಡ. ಹಳೆಯ ಹಿತ್ತಲುಗಳಲ್ಲಿ ಇರುತ್ತಿದ್ದುದು ಈ ಎರಡನೆಯದೇ ಯಾಕಾಗಿರಬಾರದು? ಎಣ್ಣೆಯ ಸೀಸೆಯನ್ನು ನೋಡಿ ಹಿತ್ತಲ ಗಿಡದ ಜಾತಿ ನಿರ್ಧರಿಸಿದರೆ ನಾನು ಒಪ್ಪುವುದಿಲ್ಲ.

ಭೂತಗನ್ನಡಿ ಬರೆದದ್ದು:

ಒಪ್ಪಬೇಡಿ, ಆದರೆ ಎಲೆಯ ಮಾತನ್ನೂ ಕೇಳಿ. ಹೇನಿಯಾನಸ್‌ನ ಎಲೆ ತೆಳು, ರೋಮ ವಿರಳ, ಎಣ್ಣೆಯೂ ಕಡಿಮೆ, ಮತ್ತೆ ಅದು ಧಾರಾಳವಾಗಿ ತೆನೆ ಹಾಕಿ ಹೂ ಬಿಡುತ್ತದೆ. ರಟ್ಟುಗಾರರ ಎಲೆಯಲ್ಲಿ ರೋಮ ಬಟ್ಟೆಯಷ್ಟು ದಟ್ಟವಾಗಿದೆ. ಹೂ ನೋಡಿದ ನೆನಪೂ ಇಲ್ಲ. ಕೃಷಿಯಲ್ಲಿ ಹೂ ಬಿಡುವುದು ಅಪರೂಪವಾದದ್ದು ಕ್ಯಾಬ್ಲಿನ್. ಸಸ್ಯಶಾಸ್ತ್ರಜ್ಞ ಬ್ಲಾಂಕೊ ಅದನ್ನು 1837ರಲ್ಲಿ ಪುದೀನದ ಕುಲಕ್ಕೆ ಸೇರಿಸಿ ಹೆಸರಿಟ್ಟ. ಇನ್ನೊಬ್ಬ ಸಸ್ಯಶಾಸ್ತ್ರಜ್ಞ ಬೆಂಥಮ್ 1848ರಲ್ಲಿ ಈಗಿನ ಕುಲಕ್ಕೆ ತಂದು ಕೂರಿಸಿದ.

ತೋಟದ ನೆರಳು ಬರೆದದ್ದು:

'ಹೂ ನೋಡಿದ ನೆನಪಿಲ್ಲ' ಎಂಬುದನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವುದಕ್ಕೇ ನನ್ನ ವಿರೋಧ. ಆಗಾಗ ಕುಡಿ ಕತ್ತರಿಸುವ ಗಿಡದಲ್ಲಿ ಹೂವಿಗೆ ಸಮಯವೆಲ್ಲಿ? ಪಚೌಲಿಯ ಹೂವೇನು ದಾಸವಾಳವೇ, ಮಗುವಿನ ಕಣ್ಣಿಗೆ ಬೀಳಲು? ಬೆರಳುದ್ದದ ತೆನೆ, ಮಾಸಲು ಬಿಳಿಗೆ ತುಸು ನೇರಳೆ. ರೋಮದ ಮಾತು ಬೇಕಾದರೆ ಒಪ್ಪುತ್ತೇನೆ, ಅದು ಗಟ್ಟಿ. ಒಟ್ಟಿನಲ್ಲಿ ಕ್ಯಾಬ್ಲಿನ್ ಕಡೆಗೆ ತಕ್ಕಡಿ ವಾಲಿದೆ. ಗಿಡ ಸಿಕ್ಕ ಮೇಲೆ ಕತ್ತರಿಸದೆ ಬಿಟ್ಟು ನೋಡಲಿ.

ರಟ್ಟುಗಾರರೇ, ಈಗ ನಿಮ್ಮ ಬೀಜದ ಪ್ರಶ್ನೆ. ಬೀಜ ಹುಡುಕಬೇಡಿ. ಇದನ್ನು ಎಲ್ಲರೂ ಕಡ್ಡಿಯಿಂದಲೇ ಬೆಳೆಸುವುದು. ನರ್ಸರಿಯಿಂದ ಒಂದು ಸಸಿ ತಂದರೆ ಪಚೌಲಿ ಸಿಗುತ್ತದೆ, ಆದರೆ ಅದು ಅತ್ತೆಯ ಗಿಡವಲ್ಲ. ತಳಿಯಿಂದ ತಳಿಗೆ ಎಲೆ, ಎಣ್ಣೆ, ವಾಸನೆ ಎಲ್ಲದರಲ್ಲೂ ವ್ಯತ್ಯಾಸವಿರುತ್ತದೆ. ನಿಮಗೆ ಬೇಕಾದದ್ದು ಅದೇ ಗಿಡವಾದರೆ ದಾರಿ ನೀವೇ ಬರೆದುಬಿಟ್ಟಿದ್ದೀರಿ: ಬಾಳೆಎಲೆಯಲ್ಲಿ ಸುತ್ತಿದ ಕಡ್ಡಿ ಯಾರ ಯಾರ ಚೀಲ ಸೇರಿತು? ಬೀಜದಿಂದ ಹುಟ್ಟಿದ್ದು ಮಗಳೋ ಮೊಮ್ಮಗಳೋ ಆಗುತ್ತದೆ. ಕಡ್ಡಿಯಿಂದ ಬಂದದ್ದು ಅದೇ ಗಿಡ, ಅದರದೇ ಮೈ. ಆ ನೆಂಟರಲ್ಲಿ ಒಬ್ಬರ ಹಿತ್ತಲಿನಲ್ಲಿ ಅದು ಇನ್ನೂ ಇದ್ದರೆ, ನೀವು ಕಟ್ಟು ಕಟ್ಟಿದ ಗಿಡವೇ ಅಲ್ಲಿ ನಿಂತಿದೆ. ಹೆಸರು ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ. 'ಅತ್ತೆ ಕೊಟ್ಟ ಸೊಪ್ಪು' ಎಂದು ಕೇಳಿ.

ಬೇಗ ಕೇಳಿ ಎಂದೂ ಹೇಳುತ್ತೇನೆ. ಈ ಗಿಡಕ್ಕೆ ಬೇರುಗಂಟು ಜಂತುಹುಳುವಿನ ಕಾಟ ಬಹಳ. ಒಂದೇ ಕಡೆ ಬಿಟ್ಟರೆ ಕೆಲವು ವರ್ಷಗಳಲ್ಲಿ ಬಡವಾಗಿ ಎಲೆ ಹಳದಿಯಾಗುತ್ತದೆ, ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ಸತ್ತರೆ ಮಣ್ಣಿನಲ್ಲಿ ಕಾದು ಕುಳಿತ ಬೀಜ ಇರುವುದಿಲ್ಲ, ಅಲ್ಲಿಗೆ ಮುಗಿಯಿತು. ಅತ್ತೆ ಪ್ರತಿ ಮಳೆಗಾಲ ಕಡ್ಡಿ ಹಂಚುತ್ತಿದ್ದುದು ಬರೀ ಧಾರಾಳತನವಿರಲಿಕ್ಕಿಲ್ಲ, ತನ್ನಲ್ಲಿ ಹೋದರೆ ಇನ್ನೊಬ್ಬರಲ್ಲಿ ಇರಲಿ ಎಂಬ ಲೆಕ್ಕವೂ ಇದ್ದೀತು.

ಪಾತಿ ಬರೆದದ್ದು:

ದವನವೂ ಇದರ ಜೊತೆ ಪೆಟ್ಟಿಗೆಯಲ್ಲಿ ಇದ್ದಿರಬಹುದು ಎಂದು ನಾನು ಈಗಲೂ ಹೇಳುತ್ತೇನೆ.

ರಟ್ಟುಗಾರ ಬರೆದದ್ದು:

ಇದ್ದಿರಲಿ ಬಿಡಿ ಪಾತಿಯವರೇ, ಆ ಪೆಟ್ಟಿಗೆಯಲ್ಲಿ ಏನಿರಲಿಲ್ಲ!

ತೋಟದ ನೆರಳು ಅವರು ಹೇಳಿದ ಹಾಗೆ ಮನೆಯವರಿಗೆಲ್ಲ ಫೋನ್ ಮಾಡುತ್ತಾ ಹೋದೆ. ಹೆಚ್ಚಿನವರು 'ಯಾವ ಸೊಪ್ಪು?' ಎಂದರು. ಅತ್ತೆಯ ನಾದಿನಿಯೊಬ್ಬರು, ಈಗ ಕಿವಿ ಸರಿಯಾಗಿ ಕೇಳಿಸುವುದಿಲ್ಲ, 'ಆ ಬಾಡುಮೂತಿ ಗಿಡವಾ? ಬಾವಿಕಟ್ಟೆಯ ಹಿಂದೆ ಇದೆ, ಬೇಕಾದರೆ ಪೂರ್ತಿ ಕಿತ್ತುಕೊಂಡು ಹೋಗು' ಎಂದರು. ಅವರು ಬಟ್ಟೆಗೆ ಇಡುವುದಿಲ್ಲವಂತೆ, ವಾಸನೆಗೆ ತಲೆನೋವು ಬರುತ್ತದಂತೆ. ಅತ್ತೆ ಕೊಟ್ಟದ್ದು ಎಂಬ ಒಂದೇ ಕಾರಣಕ್ಕೆ ಇಷ್ಟು ವರ್ಷ ನೀರು ಹಾಕಿದ್ದಾರೆ. ಅವರ ಮೊಮ್ಮಗ ಫೋಟೊ ಕಳಿಸಿದ. ಹಲ್ಲಿನ ಮೇಲೆ ಹಲ್ಲು ಸ್ಪಷ್ಟವಾಗಿದೆ. ಆದರೆ ಕೆಳಗಿನ ಎಲೆಗಳು ಹಳದಿ.

ಬೇರಿನಲ್ಲಿ ಗಂಟು ಇದ್ದರೆ ಕಡ್ಡಿಗೂ ರೋಗ ಬರುತ್ತದೆಯೇ? ಬರುವ ವಾರ ಹೋಗುತ್ತಿದ್ದೇನೆ, ಅಷ್ಟರೊಳಗೆ ಯಾರಾದರೂ ಹೇಳಿ.

ತೋಟದ ನೆರಳು ಬರೆದದ್ದು:

ಹುಳು ಇರುವುದು ಬೇರಿನಲ್ಲಿ ಮತ್ತು ಮಣ್ಣಿನಲ್ಲಿ. ನೆಲಕ್ಕೆ ತಾಗದ ಮೇಲಿನ ಕುಡಿ ತಂದರೆ ಅದು ಬರುವುದಿಲ್ಲ. ಬುಡ ಅಗೆದು ಬೇರುಸಮೇತ ತರಬೇಡಿ, ಅಲ್ಲಿಯ ಹಿಡಿ ಮಣ್ಣೂ ಬೇಡ. ಬೆಳಗ್ಗೆ, ಗಿಡ ನೆಟ್ಟಗಿರುವಾಗ, ನಾಲ್ಕೈದು ಗೆಣ್ಣಿರುವ ಕುಡಿಗಳನ್ನು ಹರಿತವಾದ ಚಾಕುವಿನಿಂದ ಗೆಣ್ಣಿನ ಕೆಳಗೆ ಕತ್ತರಿಸಿ. ಚಾಕು ಹಿಡಿಯುವುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಮೇಲಿನ ಎರಡು ಜೊತೆ ಎಲೆ ಬಿಟ್ಟು ಉಳಿದದ್ದು ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಅರ್ಧವನ್ನು ನೀರಿನ ಲೋಟದಲ್ಲಿ, ಅರ್ಧವನ್ನು ಹೊಸ ಮಣ್ಣಿನ ಕುಂಡದಲ್ಲಿ ನೆರಳಿಗೆ ಇಡಿ. ಮೂರು ನಾಲ್ಕು ವಾರದಲ್ಲಿ ಬೇರು ಬಿಡುತ್ತವೆ.

ನಾದಿನಿಯವರಿಗೂ ಒಂದು ಕುಂಡ ಮಾಡಿ ಕೊಡಿ. ಅವರ ಗಿಡ ಮುಂದಿನ ಬೇಸಿಗೆ ಕಾಣುವುದು ಅನುಮಾನ.

ಭೂತಗನ್ನಡಿ ಬರೆದದ್ದು:

ಒಂದು ಕುಡಿಯನ್ನು ಕತ್ತರಿಸದೆ ಬೆಳೆಯಲು ಬಿಡಿ. ತೆನೆ ಬಂದರೆ ಹೂವಿನ ಕೇಸರಗಳ ದಂಟನ್ನು ನಿಮ್ಮ ಮಸೂರದಲ್ಲಿ ನೋಡಿ, ಅದರ ಮೇಲೆ ಸಣ್ಣ ಗಡ್ಡದಂತೆ ರೋಮ ಇರುತ್ತದೆ. ಕುಲದ ಬಗ್ಗೆ ಆಮೇಲೆ ಯಾರೂ ಚಕಾರ ಎತ್ತುವಂತಿಲ್ಲ. ಜಾತಿಯ ಜಗಳವನ್ನು ನಾನೂ ತೋಟದವರೂ ಆಗ ಮುಂದುವರಿಸುತ್ತೇವೆ.

ಪುಸ್ತಕದ ಎಲೆಯನ್ನು ಏನು ಮಾಡುತ್ತೀರಿ?

ರಟ್ಟುಗಾರ ಬರೆದದ್ದು:

ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಹಾಕಿ, ಹಿಂದಿನ ರಟ್ಟಿನ ಒಳಗೆ ಒಂದು ಜೇಬು ಮಾಡಿ ಇಟ್ಟಿದ್ದೇನೆ. ಪುಟಗಳಿಗೆ ಇನ್ನು ತಾಗುವುದಿಲ್ಲ. ಲಕೋಟೆಯ ಮೇಲೆ ಎರಡೂ ಹೆಸರು ಬರೆದಿದ್ದೇನೆ, ಅತ್ತೆಯದು ಮೊದಲು.